ಹಿಮದ ನಾಡಿನ ದ್ರಾಕ್ಷಿಬಳ್ಳಿಗೆ ಕತ್ತರಿ ಯಾವಾಗ?

ಪ್ರಶ್ನೆ: ನಮ್ಮ ಹಿತ್ತಲಿನ ಬೆಂಗಳೂರು ಬ್ಲೂ ದ್ರಾಕ್ಷಿಯ ಚಪ್ಪರವನ್ನು ಇಪ್ಪತ್ತು ವರ್ಷಗಳಿಂದ ನಾನೇ ನೋಡಿಕೊಂಡು ಬಂದಿದ್ದೇನೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಉತ್ತರ ಭಾಗದಲ್ಲಿ ಮಗಳು ಈಚೆಗೆ ಕೊಂಡ ಮನೆಯಲ್ಲಿ ಹಳೆಯ ಕಾನ್‌ಕಾರ್ಡ್ ಬಳ್ಳಿಯೊಂದಿದೆ. ಎಲೆ ಉದುರಿದ ಕೂಡಲೇ, ನವೆಂಬರಿನಲ್ಲೇ ಸವರಿಬಿಡು ಎಂದು ನಾನು ಹೇಳಿದೆ. ಅಲ್ಲಿನ ನೆರೆಯವರು ಚಳಿಗಾಲ ಕಳೆಯಲಿ ಎನ್ನುತ್ತಾರಂತೆ. ಯಾರ ಮಾತು ಸರಿ? ಎಷ್ಟು ಸವರಬೇಕು?
– ಓದುಗರೊಬ್ಬರು, ಜಯನಗರ, ಬೆಂಗಳೂರು

ಉತ್ತರ: ನೆರೆಯವರ ಮಾತೇ ಸರಿ. ಆದರೆ ನೀವು ಹಾಗೆ ಹೇಳಿದ್ದೂ ಸಹಜವೇ. ನಮ್ಮಲ್ಲಿ ಬಳ್ಳಿ ಪೂರ್ತಿ ನಿದ್ದೆ ಹೋಗುವುದೇ ಇಲ್ಲ. ಕತ್ತರಿ ಬಿದ್ದ ಎರಡು ವಾರಗಳ ಆಸುಪಾಸಿನಲ್ಲಿ ಕಣ್ಣು ಒಡೆಯುವುದರಿಂದ, ದೇವನಹಳ್ಳಿ, ಚಿಕ್ಕಬಳ್ಳಾಪುರದ ತೋಟಗಾರರು ಕೊಯ್ಲು ಯಾವಾಗ ಬೇಕೋ ಅದಕ್ಕೆ ತಕ್ಕಂತೆ ಸವರಿ ವರ್ಷಕ್ಕೆ ಎರಡು ಬೆಳೆ ತೆಗೆಯುತ್ತಾರೆ. ಮಗಳ ಊರಿನಲ್ಲಿ ಕತ್ತರಿಗೆ ಬಳ್ಳಿಯನ್ನು ಎಬ್ಬಿಸುವ ಶಕ್ತಿಯಿಲ್ಲ. ನವೆಂಬರಿನಲ್ಲಿ ಸವರಿದರೂ ವಸಂತದ ಬಿಸಿಲು ಬರುವವರೆಗೆ ಚಿಗುರು ಬಾರದು. ಅಷ್ಟರೊಳಗೆ ಜನವರಿಯ ಚಳಿಗೆ ಯಾವ ಕಡ್ಡಿ ಸಾಯುತ್ತದೆ, ಯಾವುದು ಉಳಿಯುತ್ತದೆ ಎಂಬುದನ್ನು ಮೊದಲೇ ತಿಳಿಯುವ ಉಪಾಯವೂ ಇಲ್ಲ. ಬೇಕಾದ ಕಡ್ಡಿಗಳನ್ನಷ್ಟೇ ಉಳಿಸಿಕೊಂಡು, ಅವೇ ಸತ್ತುಹೋದರೆ ಆ ವರ್ಷದ ಹಣ್ಣು ಹೋದಂತೆಯೇ. ಆದ್ದರಿಂದ ಕಡುಚಳಿ ಕಳೆದ ಮೇಲೆ, ಮೊಗ್ಗು ಉಬ್ಬುವ ಮೊದಲು, ಅಂದರೆ ಮಾರ್ಚ್ ತಿಂಗಳಲ್ಲಿ ಸವರುವುದು ಕ್ಷೇಮ.

ಸವರುವ ಮೊದಲು ಮಗಳು ಒಂದು ಪರೀಕ್ಷೆ ಮಾಡಲಿ. ಇದನ್ನು ದಯವಿಟ್ಟು ಬಿಡಬೇಡಿ. ಬೇರೆ ಬೇರೆ ಕಡ್ಡಿಗಳ ಕೆಲವು ಕಣ್ಣುಗಳನ್ನು ಹರಿತವಾದ ಬ್ಲೇಡಿನಿಂದ ಅಡ್ಡಲಾಗಿ, ತೆಳುವಾಗಿ ಸೀಳಬೇಕು. ಹೊರಗೆ ಒಂದೇ ಕಣ್ಣಾಗಿ ಕಂಡರೂ ಒಳಗೆ ಮೂರು ಮೊಗ್ಗುಗಳು ಒತ್ತಾಗಿ ಕುಳಿತಿರುತ್ತವೆ. ನಡುವಿನ ದೊಡ್ಡದು ಹಸಿರಾಗಿದ್ದರೆ ಜೀವವಿದೆ, ಕಂದಾಗಿದ್ದರೆ ಸತ್ತಿದೆ. ಚಳಿಗೆ ಮೊದಲು ಬಲಿಯಾಗುವುದು ಈ ಮುಖ್ಯ ಮೊಗ್ಗೇ. ಪಕ್ಕದ್ದು ಬದುಕಿದ್ದರೆ ಚಿಗುರುತ್ತದೆ, ಆದರೆ ಗೊಂಚಲು ಕಡಿಮೆ. ಸತ್ತ ಕಣ್ಣುಗಳು ಹೆಚ್ಚಿದ್ದರೆ ಅಷ್ಟರಮಟ್ಟಿಗೆ ಹೆಚ್ಚು ಕಣ್ಣುಗಳನ್ನು ಉಳಿಸಬೇಕು.

ಇನ್ನು ಎಷ್ಟು ಎಂಬ ಮಾತು. ಹಣ್ಣು ಬರುವುದು ಕಳೆದ ವರ್ಷ ಬೆಳೆದ ಕಡ್ಡಿಯ ಕಣ್ಣಿನಿಂದ ಹೊರಡುವ ಹೊಸ ಚಿಗುರಿನಲ್ಲಿ ಮಾತ್ರ. ಆ ಕಡ್ಡಿಗಳಲ್ಲೂ ಸುಮಾರು ಶೇಕಡಾ 80ರಿಂದ 90ರಷ್ಟನ್ನು ತೆಗೆಯಬೇಕಾಗುತ್ತದೆ. ಕೇಳಿದರೆ ಎದೆ ಝಲ್ಲೆನ್ನುತ್ತದೆ, ನಿಜ. ಆದರೆ ಕನಿಕರಪಟ್ಟು ಬಿಟ್ಟ ಬಳ್ಳಿ ಗೊಂಚಲು ಹೊತ್ತು ಬಳಲಿ, ಹಣ್ಣೂ ಮಾಗದೆ, ಕಡ್ಡಿಯೂ ಬಲಿಯದೆ ಮುಂದಿನ ಚಳಿಗೆ ಸೋಲುತ್ತದೆ. ಕಾನ್‌ಕಾರ್ಡ್‌ಗೆ ಅಲ್ಲಿನ ಬೆಳೆಗಾರರ ಹಳೆಯ ಲೆಕ್ಕವೊಂದಿದೆ: ಕತ್ತರಿಸಿದ ಒಂದು ವರ್ಷದ ಕಡ್ಡಿಗಳನ್ನು ತೂಗಿ, ಮೊದಲ ಪೌಂಡಿಗೆ, ಅಂದರೆ ಸುಮಾರು 450 ಗ್ರಾಂಗೆ, 30 ಕಣ್ಣು, ಆಮೇಲಿನ ಪ್ರತಿ ಪೌಂಡಿಗೆ 10 ಕಣ್ಣು ಉಳಿಸುವುದು. ಮೂರು ಪೌಂಡ್ ಬಂದರೆ 50. ಉಳಿಸುವ ಕಡ್ಡಿ ಪೆನ್ಸಿಲ್ ದಪ್ಪವಿದ್ದು, ಬಿಸಿಲು ಕಂಡು ಕಂದು ಬಣ್ಣಕ್ಕೆ ಬಲಿತಿರಬೇಕು. ಕಾಂಡದ ಹತ್ತಿರ ಎರಡೆರಡು ಕಣ್ಣಿನ ತುಂಡುಗಳನ್ನೂ ಬಿಟ್ಟರೆ ಮರುವರ್ಷದ ಕಡ್ಡಿಗಳು ಅಲ್ಲಿಂದ ಬರುತ್ತವೆ.

ನಿಮ್ಮ ಬೆಂಗಳೂರು ಬ್ಲೂ ಮತ್ತು ಕಾನ್‌ಕಾರ್ಡ್ ಎರಡರಲ್ಲೂ ಅಮೆರಿಕದ ಕಾಡುದ್ರಾಕ್ಷಿಯಾದ ಲ್ಯಾಬ್ರುಸ್ಕಾದ ಅಂಶವಿದೆ. ಆ ಪರಿಮಳ, ಬೆರಳಲ್ಲಿ ಒತ್ತಿದರೆ ಸಿಪ್ಪೆಯಿಂದ ಜಾರುವ ತಿರುಳು, ಎರಡೂ ನಿಮಗೆ ಪರಿಚಿತವೆನಿಸಿಯಾವು.

ಪ್ರಶ್ನೆ: ಮಾರ್ಚ್ ಕೊನೆಗೆ ಸವರಿದರೆ ಕತ್ತರಿಸಿದ ತುದಿಯಿಂದ ನೀರು ತೊಟ್ಟಿಕ್ಕುತ್ತದಂತೆ. ಬಳ್ಳಿಗೆ ಅಪಾಯವಿಲ್ಲವೇ?
– ಅದೇ ಓದುಗರು

ಉತ್ತರ: ಇಲ್ಲ. ನೆಲ ಬಿಸಿಯಾಗಿ ಬೇರು ನೀರು ಮೇಲೆತ್ತತೊಡಗಿದ್ದರ ಗುರುತು ಅದು. ಕೆಲವು ದಿನಗಳಲ್ಲಿ ತಾನಾಗಿ ನಿಲ್ಲುತ್ತದೆ, ಗಾಯಕ್ಕೆ ಮೇಣ ಬಳಿಯುವುದೂ ಬೇಡ. ವಸಂತದಲ್ಲಿ ತಡವಾಗಿ ಬೀಳುವ ಹಿಮದ ಭಯವಿರುವ ತಗ್ಗು ಜಾಗವಾದರೆ, ಉಳಿಸುವ ಕಡ್ಡಿಗಳನ್ನು ಮೊದಲಿಗೆ ಉದ್ದವಾಗಿಯೇ ಬಿಡಲಿ. ತುದಿಯ ಕಣ್ಣುಗಳು ಮೊದಲು ಒಡೆಯುವುದರಿಂದ ಬುಡದವು ಕೆಲವು ದಿನ ತಡೆದು ನಿಲ್ಲುತ್ತವೆ. ಹಿಮದ ಭಯ ಕಳೆದ ಮೇಲೆ ಆ ಉದ್ದವನ್ನು ಬೇಕಾದಷ್ಟಕ್ಕೆ ಕತ್ತರಿಸಿದರಾಯಿತು.