ಮಾಸ್ತರರು ಸಿಗದಿದ್ದರೆ ಅವರ ಮಕ್ಕಳನ್ನು ಹುಡುಕ್ರಿ

ನಿಮ್ಮ ಮುತ್ತಜ್ಜ ಬ್ರಿಟಿಷರ ಕಾಲದಲ್ಲಿ ನಮ್ಮ ಕರ್ನಾಟಕ–ಮಹಾರಾಷ್ಟ್ರ ಗಡಿ ಕಡೆ ಕನ್ನಡ ಸಾಲಿ ಮಾಸ್ತರರಾಗಿದ್ದು, ಅವರು ಎಲ್ಲೆಲ್ಲಿ ಕಲಿಸಿದರು ಅಂತ ಹುಡುಕಬೇಕಿದ್ದರೆ, ಆಗ ಆ ಊರು ಯಾರ ಆಳ್ವಿಕೆಯಲ್ಲಿತ್ತು ಅಂತ ಮೊದಲು ಗೊತ್ತು ಮಾಡಿಕೊಳ್ಳಿ. ಇಂಡಿ, ಅಥಣಿ ಮುಂಬಯಿ ಪ್ರಾಂತದವು. ಅಕ್ಕಲಕೋಟ, ಜತ್ತ 1948ರವರೆಗೆ ಸಂಸ್ಥಾನಗಳು. ಅಕ್ಕಪಕ್ಕದ ಊರಾದರೂ ದಫ್ತರ ಬೇರೆ. ಜತ್ತಿನ ಕಾಗದ ಕೇಳುವಾಗ ‘ದಕ್ಷಿಣ ಸಾತಾರಾ’ ಹೆಸರನ್ನೂ ಹೇಳಿ. ಜತ್ತ ಈಗಿರುವ ಸಾಂಗ್ಲಿ ಜಿಲ್ಲೆಗೆ 1949ರಿಂದ 1960ರವರೆಗೆ ಅದೇ ಹೆಸರು. ವಿಜಾಪುರದ 1885ಕ್ಕೂ ಹಿಂದಿನ ಕಡತ ಕಲಾದಗಿ ಜಿಲ್ಲೆಯ ಹೆಸರಿನಲ್ಲಿರುತ್ತದೆ.

ಸೇವಾ ಪುಸ್ತಕ ಸಿಕ್ಕರೆ ಪುಣ್ಯ. ಸಾಮಾನ್ಯವಾಗಿ ಸಿಗುವುದಿಲ್ಲ. ಆದರೆ ಸಾಲಿಯ ಜನರಲ್ ರಜಿಸ್ಟರನ್ನು ಕಾಯಂ ದಾಖಲೆ ಅಂತ ಕಾದಿಡುತ್ತಾರೆ. ಅದರಲ್ಲಿರುವುದು ಮಕ್ಕಳ ಹೆಸರು. ಮಾಸ್ತರರು ತಮ್ಮ ಮಕ್ಕಳನ್ನು ತಾವು ಕಲಿಸುವ ಸಾಲಿಗೇ ಹಾಕುತ್ತಿದ್ದರು. ಹಾಗಾಗಿ ಅಜ್ಜನ, ಅವರ ಅಣ್ಣತಮ್ಮಂದಿರ ಸಾಲು ಹುಡುಕ್ರಿ. ‘ಹಿಂದಿನ ಶಾಲೆ’ ಕಾಲಮ್ಮಿನಲ್ಲಿ ಬಿಟ್ಟುಬಂದ ಊರು, ‘ಬಿಟ್ಟ ಕಾರಣ’ದಲ್ಲಿ ‘ತಂದೆಯ ಬದಲಿ’ (ವರ್ಗಾವಣೆ) ಅಂತ ಇದ್ದರೆ ಜಾಡು ಹಿಡಿದಂತೆಯೇ. ಆ ಊರಿಗೆ ಹೋಗಿ ಅಲ್ಲಿನ ರಜಿಸ್ಟರ್ ತೆಗೆಸಿ. ಹೀಗೆ ಒಂದೊಂದೇ ಬದಲಿ ಹಿಂದಕ್ಕೆ ಸರಿಯುತ್ತಾ ಮೊದಲ ನೇಮಕದ ಊರು ಮುಟ್ಟಬಹುದು. ಶೇರಾ ಬುಕ್ಕು ಉಳಿದಿದ್ದರೆ ಬಿಡಬೇಡಿ. ತಪಾಸಣೆಗೆ ಬಂದ ಸಾಹೇಬರು ಮಾಸ್ತರರ ಹೆಸರು ಬರೆದು, ಪಾಠ ಹೇಗಿತ್ತು ಅಂತ ಮುಲಾಜಿಲ್ಲದೆ ಬರೆದಿರುತ್ತಾರೆ.

ಎಡವುವುದು ಹೆಸರಿನಲ್ಲಿ. ಮುಂಬಯಿ ಪದ್ಧತಿಯಲ್ಲಿ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು. ಅಡ್ಡಹೆಸರು ಒಂದು ಸಾಲಿಯಲ್ಲಿ ಊರಿನದು, ಇನ್ನೊಂದರಲ್ಲಿ ಕಸಬಿನದು ಆಗಿರಬಹುದು. ತಂದೆಯ ಹೆಸರು ಮಾತ್ರ ಬದಲಾಗುವುದಿಲ್ಲ, ಅದನ್ನೇ ಹಿಡಿಯಿರಿ. ಸಂಸ್ಥಾನದ ಕಾಗದ ಮೋಡಿ ಲಿಪಿಯಲ್ಲಿ, ಅಂದರೆ ಮರಾಠಿಯ ಹಳೇ ಕೂಡುಬರಹದಲ್ಲಿ, ಇದ್ದರೆ ಇನ್ನೂ ಕಷ್ಟ: ಪದಗಳ ನಡುವೆ ಜಾಗ ಬಿಡುವುದಿಲ್ಲ, ಇಕಾರ ಉಕಾರಗಳಲ್ಲಿ ಹ್ರಸ್ವ ದೀರ್ಘದ ಭೇದವಿಲ್ಲ. ಮರಾಠಿ ಮಾತ್ರ ಬಲ್ಲವರು ಓದಿದರೆ ಕನ್ನಡ ಹೆಸರು ಏನೇನೋ ಆಗುತ್ತದೆ. ಮೋಡಿ ಓದುವವರ ಪಕ್ಕ ನೀವೇ ಕೂತು, ಮನೆತನದ ಹೆಸರುಗಳನ್ನು ಮೊದಲೇ ಹೇಳಿಬಿಡಿ. ಶಕ ವರ್ಷವಿದ್ದರೆ 78 ಕೂಡಿಸಿ, ಇಸವಿ ಸಿಗುತ್ತದೆ; ಜನವರಿಯಿಂದ ಶಕ ವರ್ಷ ಮುಗಿಯುವವರೆಗಿನ ತಾರೀಖಾದರೆ 79.

ಮಹಾರಾಷ್ಟ್ರದ ಕಡೆ ಮುಖ್ಯಾಧ್ಯಾಪಕರಿಗೆ ‘ನಿರ್ಗಮ ಉತಾರಾ’ (ಸಾಲಿ ರಜಿಸ್ಟರಿನ ನಕಲು) ಬೇಕು ಅಂತ ಮರಾಠಿಯಲ್ಲೇ ಅರ್ಜಿ ಕೊಡಿ. ಜಾತಿ ಪ್ರಮಾಣಪತ್ರಕ್ಕಾಗಿ ದಿನಾ ಕೇಳುವವರಿರುವುದರಿಂದ ಅವರಿಗೆ ಇದು ರೂಢಿಯ ಕೆಲಸ. ಸಂಬಂಧ ತೋರಿಸುವ ಕಾಗದ ಜೊತೆಗಿರಲಿ. ಪರೀಕ್ಷೆ ದಿನಗಳಲ್ಲಿ ಮಾತ್ರ ಹೋಗಬೇಡಿ, ಕಪಾಟಿನ ಬೀಗ ತೆಗೆಯುವವರೇ ಸಿಗುವುದಿಲ್ಲ.