ಅಡುಗೆಮನೆ ಗೋಡೆ ಒಡೆಸ್ಲಾ, ಬೇಡ್ವಾ?

ಪ್ರಶ್ನೆ: ಮೇಡಂ, ನಮ್ದು ಬನಶಂಕರಿ 3ನೇ ಹಂತದಲ್ಲಿ 2 ಬಿಎಚ್‌ಕೆ ಫ್ಲ್ಯಾಟು, ಮೂರು ಮಹಡಿ ಬಿಲ್ಡಿಂಗು, ಕಟ್ಟಿ 18 ವರ್ಷ ಆಯ್ತು. ಅಡುಗೆಮನೆ ಬರೀ 7 ಅಡಿಗೆ 8 ಅಡಿ, ಇಬ್ರು ನಿಂತ್ರೆ ಫ್ರಿಜ್ ಬಾಗಿಲು ತೆಗೆಯೋಕೂ ಜಾಗ ಇಲ್ಲ. ಹಾಲ್ ಕಡೆ ಗೋಡೆ ಒಡೆಸಿ ಓಪನ್ ಕಿಚನ್ ಮಾಡೋ ಆಸೆ. ಇಂಟೀರಿಯರ್‌ನವನು "ಒಂದೇ ದಿನದ ಕೆಲ್ಸ" ಅಂತಾನೆ, ನಮ್ಮತ್ತೆ "ಒಗ್ಗರಣೆ ಘಾಟೆಲ್ಲ ಹಾಲ್‌ಗೆ ಬರುತ್ತೆ, ಬಂದೋರೆಲ್ಲ ಸಿಂಕ್ ನೋಡ್ತಾರೆ" ಅಂತಾರೆ. ಏನ್ ಮಾಡ್ಲಿ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ನಿಮ್ಮತ್ತೆ ಹೇಳೋದು ಸರಿ ಕಣ್ರೀ, ಆದ್ರೆ ನಿಮ್ಮಾಸೆನೂ ಬಿಡಬೇಕಾಗಿಲ್ಲ. ಅರ್ಧ ಗೋಡೆ ಒಡೆಸಿ, ಪೂರ್ತಿ ಬೇಡ.

ಅದಕ್ಕೂ ಮೊದ್ಲು ಆ ಗೋಡೆ ಎಂಥದ್ದು ಅಂತ ನೋಡ್ಬೇಕು. ಬಾಗಿಲ ಚೌಕಟ್ಟಿನ ಹತ್ರ ಟೇಪ್ ಹಿಡೀರಿ, ಗಾರೆ ಸೇರಿ ಐದೈದೂವರೆ ಇಂಚು ಬಂತು ಅಂದ್ರೆ ಅದು 4 ಇಂಚಿನ ಬ್ಲಾಕಿನ ಗೋಡೆ, ಪಿಲ್ಲರ್ರು-ಬೀಮು ಇರೋ ಕಟ್ಟಡದಲ್ಲಿ ಇದು ಸಾಮಾನ್ಯವಾಗಿ ಬರೀ ಅಡ್ಡಗೋಡೆ, ಭಾರ ಹೊರಲ್ಲ. 9 ಇಂಚೋ ಹತ್ತೋ ಬಂದ್ರೆ ಅಲ್ಲಿಗೇ ನಿಲ್ಲಿಸಿ. ತೆಳ್ಳಗಿದೆ ಅಂತ ಖುಷಿಯಾಗಿ ಸುತ್ತಿಗೆನೂ ಎತ್ಬೇಡಿ, ಒಬ್ಬ ಸ್ಟ್ರಕ್ಚರಲ್ ಇಂಜಿನಿಯರ್‌ನ ಕರೆಸಿ, ಒಡೀಬಹುದು ಅಂತ ಬರವಣಿಗೇಲಿ ತಗೊಳ್ಳಿ, ಇಂಟೀರಿಯರ್‌ನವನ ಬಾಯ್ಮಾತು ಸಾಲದು. ಈಗಿನ ದೊಡ್ಡ ದೊಡ್ಡ ಟವರ್‌ಗಳಲ್ಲಿ ಇರೋರು ಇದನ್ನ ಓದ್ತಿದ್ರೆ ನಿಮಗೊಂದು ಮಾತು, ಮೈವಾನ್‌ನಲ್ಲಿ, ಅಂದ್ರೆ ಅಲ್ಯೂಮಿನಿಯಂ ಅಚ್ಚಿಗೆ ಕಾಂಕ್ರೀಟ್ ಸುರಿದು, ಕಟ್ಟಿದ್ರೆ ಒಳಗಿನ ಗೋಡೆನೂ ಕಾಂಕ್ರೀಟೇ, ಅದೇ ಭಾರ ಹೊರೋದು, ಅದರಲ್ಲಿ ಒಂದು ಕಿಟಕಿ ಕೊರೆಯೋ ಯೋಚನೆನೂ ಮಾಡ್ಬೇಡಿ. ಕಟ್ಟಡದ ಗಟ್ಟಿತನಕ್ಕೆ ಧಕ್ಕೆ ತರೋ ಕೆಲಸ ಯಾವ ಫ್ಲ್ಯಾಟಿನವರೂ ಮಾಡಂಗಿಲ್ಲ ಅಂತ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆನೇ ಹೇಳುತ್ತೆ, ಹಾಗಾಗಿ ಅಸೋಸಿಯೇಷನ್ ಒಪ್ಪಿಗೆನೂ ಬೇಕು.

ಈಗ ಅರ್ಧ ಯಾಕೆ ಅಂದೆ ಅಂದ್ರೆ. ಅಡುಗೆಕಟ್ಟೆ 34 ಇಂಚು ಎತ್ತರ ಇರುತ್ತೆ, ಗೋಡೆನ 42 ಇಂಚಿಗೆ ಉಳಿಸ್ಕೊಂಡ್ರೆ ಸೋಫಾ ಮೇಲೆ ಕೂತೋರಿಗೆ ನಿಮ್ಮ ಮುಖ ಕಾಣುತ್ತೆ, ಸಿಂಕಲ್ಲಿರೋ ಪಾತ್ರೆ ಕಾಣಲ್ಲ. ಮೇಲೊಂದು 12 ಇಂಚಿನ ಗ್ರಾನೈಟ್ ಹಾಕಿಸಿ, ತಿಂಡಿಗೆ ಅದೇ ಟೇಬಲ್ಲು. ಪೂರ್ತಿ ಒಡೆಸಿದ್ರೆ ಗೋಡೆ ಇದ್ದ ಕಡೆ ಒಂದು ಪಟ್ಟಿ ಟೈಲ್ಸ್ ಇರಲ್ಲ, 18 ವರ್ಷದ ಹಳೇ ಟೈಲ್ಸಿಗೆ ಜೋಡಿ ಹುಡುಕ್ಕೊಂಡು ಅಂಗಡಿ ಅಂಗಡಿ ಅಲೀಬೇಕು. ಜೊತೆಗೆ ಬೇಳೆಕಾಳಿನ ಡಬ್ಬ ಇಡೋ ಶೆಲ್ಫೂ ಹೋಯ್ತು.

ಘಾಟಿನ ವಿಷಯ. ಬ್ಯಾಡಗಿ ಮೆಣಸಿನಕಾಯಿ ಎಣ್ಣೆಗೆ ಬಿದ್ರೆ ಗೋಡೆ ಇದ್ರೂ ಸೀನು ಬರುತ್ತೆ, ಇಲ್ದಿದ್ರೆ ಕೇಳ್ಬೇಕಾ. ಚಿಮಣಿ ಹಾಕಿಸೋದಾದ್ರೆ ಪೈಪು ಹೊರಗೋಗೋ ಥರದ್ದೇ ಹಾಕ್ಸಿ, ಗಾಳಿನ ಫಿಲ್ಟರ್ ಮಾಡಿ ವಾಪಸ್ ಒಳಗೇ ಬಿಡೋದು ನಮ್ಮ ಒಗ್ಗರಣೆಗೆ ಸಾಲಲ್ಲ, ಪೈಪಿಗೆ ತಿರುವು ಜಾಸ್ತಿ ಆದಷ್ಟೂ ಎಳೆಯೋದೂ ಕಮ್ಮಿ. ತೆರೆದ ಜಾಗಕ್ಕೆ ಸರಿಯೋ ಗಾಜಿನ ಬಾಗಿಲು, ಟಫನ್ಡ್ ಗಾಜಿಂದು, ಹಾಕಿಸ್ಕೊಂಡ್ರೆ ಹಪ್ಪಳ ಕರಿಯೋವಾಗ ಎಳ್ಕೊಳ್ಳಿ. ಮಿಕ್ಸಿ ಸದ್ದಿಗೂ ಅದೇ ದಾರಿ, ನಿಮ್ಮತ್ತೆ ಧಾರಾವಾಹಿ ನೋಡೋ ಟೈಮಲ್ಲೇ ಚಟ್ನಿ ರುಬ್ಬೋದಿದ್ರೆ.

ಇನ್ನೊಂದು ಯಾರೂ ಹೇಳಲ್ಲ, ನಮ್ಮನೇಲಿ ಗೋಡೆ ತೆಗೆಸಿದ್ಮೇಲೇ ನನಗೂ ಗೊತ್ತಾಗಿದ್ದು. ಹಾಲಿನ ಫ್ಯಾನ್ ಗಾಳಿ ಸೀದಾ ಒಲೆಗೆ ಹೊಡೀತಿತ್ತು. ಉರಿ ಒಂದ್ಕಡೆ ವಾಲ್ಕೊಂಡು ಬಾಣಲೆ ಒಂದ್ಪಕ್ಕ ಸೀದುಹೋಗೋದು, ಸಣ್ಣುರೀಲಿ ಹಾಲಿಟ್ರೆ ಆರೇ ಹೋಗೋದು, ಗ್ಯಾಸ್ ಮಾತ್ರ ಬರ್ತಾನೇ ಇರೋದು. ಹಾಗಾಗಿ ತೆರೆದ ಕಡೆಗೆ ಒಲೆ ಇಡ್ಬೇಡಿ, ಆಚೆ ಗೋಡೆಗೆ ಇಡಿ, ಉರಿ ಆರಿದ್ರೆ ಗ್ಯಾಸ್ ತಾನೇ ನಿಲ್ಲೋ ಒಲೆ ಸಿಗುತ್ತೆ, ಅದನ್ನೇ ತಗೊಳ್ಳಿ. ಗೇಲ್ ಪೈಪ್ ಗ್ಯಾಸ್ ಇದ್ರೆ ಪೈಪನ್ನ ಅವರ ಕಡೆಯವರೇ ಸರಿಸ್ಬೇಕು, ಪ್ಲಂಬರ್ ಕೈಗೆ ಕೊಡ್ಬೇಡಿ.

ಒಂದೇ ದಿನದ ಕೆಲಸ ಅಂದ್ನಲ್ಲ, ಒಡೆಯೋದು ಒಂದೇ ದಿನ, ನಿಜ. ಆಮೇಲೆ ಗೋಡೆಯೊಳಗಿನ ವೈರು, ಫ್ರಿಜ್ಜಿನ ಪಾಯಿಂಟು, ಗಾರೆ, ಪೇಂಟು, ಮಣ್ಣು ಸಾಗಿಸೋದು ಅಂತ ಎರಡು ವಾರ ಇಟ್ಕೊಳ್ಳಿ. ಯುಗಾದಿ ಮುಂದಿಟ್ಕೊಂಡು ಶುರು ಮಾಡ್ಬೇಡಿ, ಬಾಲ್ಕನೀಲಿ ಇಂಡಕ್ಷನ್ ಒಲೆ ಮೇಲೆ ಒಬ್ಬಟ್ಟು ಬೇಯಿಸ್ಬೇಕಾಗುತ್ತೆ.