ಎಲೆಕ್ಟ್ರಾನ್ ಯಾಕೆ ನ್ಯೂಕ್ಲಿಯಸ್ ಒಳಗೆ ಬಿದ್ದು ಹೋಗಲ್ಲ?

ಪ್ರಶ್ನೆ: ಸರ್, ನಾನು ಫಸ್ಟ್ ಪಿಯು ಸೈನ್ಸ್ ಓದ್ತಿದೀನಿ. ನ್ಯೂಕ್ಲಿಯಸ್ ಪಾಸಿಟಿವ್, ಎಲೆಕ್ಟ್ರಾನ್ ನೆಗೆಟಿವ್, ಒಂದನ್ನೊಂದು ಎಳೀತವೆ ಅಂದ್ಮೇಲೆ ಎಲೆಕ್ಟ್ರಾನ್ ಯಾಕೆ ಒಳಗೆ ಬೀಳಲ್ಲ? ಸುತ್ತುತ್ತಾ ಇರುತ್ತಲ್ಲ ಅದಕ್ಕೆ ಅಂತಾರೆ. ಆಮೇಲೆ ರುದರ್‌ಫರ್ಡ್ ಮಾಡೆಲ್ ತಪ್ಪು, ಬೋರ್ ಮಾಡೆಲ್ಲೂ ಪೂರ್ತಿ ಸರಿ ಇಲ್ಲ ಅಂತಾನೂ ಅಂತಾರೆ. ತಪ್ಪಾಗಿರೋದನ್ನ ಯಾಕೆ ಓದ್ಬೇಕು?

ಉತ್ತರ: ನಿಮ್ಮ ಅನುಮಾನ ಸರಿಯಾಗೇ ಇದೆ, ಸುತ್ತುತ್ತೆ ಅದಕ್ಕೆ ಬೀಳಲ್ಲ ಅನ್ನೋ ಉತ್ತರ ಸಾಕಾಗಲ್ಲ. ಚಾರ್ಜ್ ಇರೋ ಕಣ ಸುತ್ತು ಹೊಡೀತಾ ಇದ್ರೆ ಮ್ಯಾಕ್ಸ್‌ವೆಲ್ ಥಿಯರಿ (ವಿದ್ಯುತ್ತು, ಕಾಂತ, ಬೆಳಕಿನ ಹಳೇ ಥಿಯರಿ) ಪ್ರಕಾರ ಅದು ಬೆಳಕಿನ ರೂಪದಲ್ಲಿ ಎನರ್ಜಿ ಕಳ್ಕೊಳ್ತಾ ಹೋಗ್ಬೇಕು, ಹೈಡ್ರೋಜನ್‌ಗೆ ಲೆಕ್ಕ ಹಾಕಿದ್ರೆ ಒಂದು ಸೆಕೆಂಡನ್ನ ಹತ್ತು ಸಾವಿರ ಕೋಟಿ ಚೂರು ಮಾಡಿ ಅಂಥ ಒಂದೆರಡು ಚೂರಿನಷ್ಟು ಹೊತ್ತಲ್ಲೇ ಎಲೆಕ್ಟ್ರಾನ್ ನ್ಯೂಕ್ಲಿಯಸ್ಸಿಗೆ ಬಿದ್ದಿರ್ಬೇಕು.

ಹಾಗಂತ ರುದರ್‌ಫರ್ಡ್ ಹೇಳಿದ್ದೆಲ್ಲಾ ತಪ್ಪು ಅಂತಲ್ಲ. 1909ರಲ್ಲಿ ಅವರ ಮ್ಯಾಂಚೆಸ್ಟರ್ ಲ್ಯಾಬಲ್ಲಿ ಗೈಗರ್ ಮತ್ತೆ ಮಾರ್ಸ್‌ಡೆನ್ (ಆಗಿನ್ನೂ ಡಿಗ್ರಿ ಓದ್ತಿದ್ದ 20 ವರ್ಷದ ಹುಡುಗ, ನಿಮಗಿಂತ ಬಹಳ ದೊಡ್ಡೋನೇನಲ್ಲ) ಕತ್ತಲೆ ಕೋಣೇಲಿ ಕೂತು ಆಲ್ಫಾ ಕಣಗಳು (ವಿಕಿರಣದಲ್ಲಿ ಹೊರಬರೋ, ಪಾಸಿಟಿವ್ ಚಾರ್ಜ್ ಇರೋ ಕಣಗಳು) ಪರದೆಗೆ ಬಡಿದಾಗ ಬರೋ ಮಿನುಗನ್ನ ಮೈಕ್ರೋಸ್ಕೋಪಲ್ಲಿ ಒಂದೊಂದಾಗಿ ಎಣಿಸಿದ್ರು. ಪ್ಲಾಟಿನಂ ಮೇಲೆ ಬಿಟ್ಟ ಆಲ್ಫಾ ಕಣಗಳಲ್ಲಿ ಸುಮಾರು 8000ಕ್ಕೆ ಒಂದು ವಾಪಸ್ ಬರ್ತಿತ್ತು. ಪಾಸಿಟಿವ್ ಚಾರ್ಜ್ ಇಡೀ ಪರಮಾಣು ತುಂಬಾ ಹರಡಿದೆ ಅನ್ನೋ ಥಾಮ್ಸನ್ ಮಾಡೆಲ್ಲಲ್ಲಿ ಇದು ಆಗೋ ಮಾತೇ ಅಲ್ಲ. ಹಾಗಾಗಿ ಚಾರ್ಜು, ತೂಕ ಎಲ್ಲಾ ನಡುವೆ ಒಂದು ಚುಕ್ಕೇಲಿ ಇದೆ ಅಂತ 1911ರಲ್ಲಿ ರುದರ್‌ಫರ್ಡ್ ಬರೆದ್ರು, ಅದು ಇವತ್ತಿಗೂ ಸರಿ. ಎಲೆಕ್ಟ್ರಾನ್‌ಗಳು ಬೀಳದೆ ಹೇಗೆ ನಿಲ್ತವೆ ಅನ್ನೋದನ್ನ ಮಾತ್ರ ಅದೇ ಪೇಪರಲ್ಲಿ ಈಗ ಬೇಡ ಅಂತ ಬದಿಗಿಟ್ಟಿದ್ರು.

1913ರಲ್ಲಿ ಬೋರ್, ಕೆಲವು ಕಕ್ಷೆಗಳಲ್ಲಿ ಎನರ್ಜಿ ಹೋಗೋದೇ ಇಲ್ಲ ಅಂತ ಇಟ್ಕೊಳ್ಳಿ ಅಂದ್ರು. ಯಾಕೆ ಹೋಗಲ್ಲ ಅಂತ ಹೇಳ್ಲಿಲ್ಲ, ಆದ್ರೆ ಹೈಡ್ರೋಜನ್ ಹೊರಸೂಸೋ ಬೆಳಕಲ್ಲಿ ಕಾಣೋ 656 ನ್ಯಾನೋಮೀಟರ್ ಕೆಂಪು ಗೆರೆ ಲೆಕ್ಕದಲ್ಲಿ ಕರೆಕ್ಟಾಗಿ ಬಂತು. ಹೀಲಿಯಂಗೆ ಬಂದಾಗ ಲೆಕ್ಕ ಕೈಕೊಡ್ತು. ಎನರ್ಜಿ ಲೆವೆಲ್ (ಎಲೆಕ್ಟ್ರಾನ್‌ಗೆ ಇರಬಹುದಾದ ಎನರ್ಜಿಯ ನಿಗದಿತ ಮೆಟ್ಟಿಲು) ಅನ್ನೋದು ಉಳೀತು, ಗುಂಡನೆ ಕಕ್ಷೆ ಹೋಯ್ತು.

ಈಗ ನಿಮ್ಮ ನಿಜವಾದ ಉತ್ತರ, ಇದು 1925-27ರ ಕ್ವಾಂಟಂ ಮೆಕ್ಯಾನಿಕ್ಸಿಂದ ಬಂದಿದ್ದು. ಎಲೆಕ್ಟ್ರಾನನ್ನ ಎಷ್ಟು ಚಿಕ್ಕ ಜಾಗಕ್ಕೆ ಒತ್ತುತ್ತೀರೋ ಅದರ ಕೈನೆಟಿಕ್ ಎನರ್ಜಿ ಅಷ್ಟು ಜಾಸ್ತಿ ಆಗುತ್ತೆ. ಜಾಗ ಅರ್ಧ ಆದ್ರೆ ಸೆಳೆತದಿಂದ ಸಿಗೋ ಎನರ್ಜಿ ಎರಡು ಪಟ್ಟು, ಆದ್ರೆ ಒತ್ತೋಕೆ ಬೇಕಾದ ಎನರ್ಜಿ ನಾಲ್ಕು ಪಟ್ಟು! ಒಂದು ಹಂತದ ಆಚೆ ಒಳಗೆ ಹೋಗೋದೇ ನಷ್ಟ, ಹೈಡ್ರೋಜನ್ನಲ್ಲಿ ಇವೆರಡೂ ಸರಿದೂಗೋದು ಸುಮಾರು 0.053 ನ್ಯಾನೋಮೀಟರಲ್ಲಿ. ಪರಮಾಣುವಿನ ಸೈಜು ಬಂದಿರೋದೇ ಇಲ್ಲಿಂದ, ಇದನ್ನ ಮೊದಲನೇ ದಿನವೇ ಹೇಳ್ಬೇಕು ಅಂತ ನನಗನ್ಸುತ್ತೆ.

ಇನ್ನೊಂದು ವಿಷ್ಯ, ಎಲೆಕ್ಟ್ರಾನ್ ಯಾವತ್ತೂ ನ್ಯೂಕ್ಲಿಯಸ್ ಮುಟ್ಟೋದೇ ಇಲ್ಲ ಅಂತ ಮಾತ್ರ ಬರೀಬೇಡಿ. ಪೊಟ್ಯಾಶಿಯಂ-40ರಲ್ಲಿ (ಪೊಟ್ಯಾಶಿಯಂನ ಒಂದು ವಿಕಿರಣಶೀಲ ರೂಪ) ಸುಮಾರು 11 ಪರ್ಸೆಂಟ್ ಪರಮಾಣುಗಳು ತಮ್ಮದೇ ಒಂದು ಎಲೆಕ್ಟ್ರಾನನ್ನ ನ್ಯೂಕ್ಲಿಯಸ್ ಒಳಗೆ ಎಳ್ಕೊಂಡು ಆರ್ಗಾನ್-40 ಆಗ್ತವೆ, ಬಂಡೆಗಳ ವಯಸ್ಸು ಅಳೆಯೋಕೆ ಇದನ್ನೇ ಬಳಸ್ತಾರೆ. ಹೈಡ್ರೋಜನ್ನಲ್ಲಿ ಹಾಗಾಗಲ್ಲ, ಯಾಕಂದ್ರೆ ಪ್ರೋಟಾನ್ ಎಲೆಕ್ಟ್ರಾನ್ ಎರಡೂ ಸೇರಿದ್ರೂ ಒಂದು ನ್ಯೂಟ್ರಾನಿನ ತೂಕಕ್ಕೆ ಸಾಲಲ್ಲ.